ಸ್ಪ್ರಿಂಗಿನ ಕೊನೆಯ ಅರ್ಧ ಸುತ್ತು

ನನ್ನ ಕಾರಿಗೆ 16 ವರ್ಷ. ಮೀಟರ್ 1,40,000 ಕಿ.ಮೀ. ದಾಟಿದೆ. ಅಷ್ಟು ದೂರವನ್ನೂ ಹೆಚ್ಚುಕಮ್ಮಿ ನಾನೊಬ್ಬನೇ ಓಡಿಸಿದ್ದು. ಹಾಗಾಗಿ ಯಾರಾದರೂ ಅದರ ಬಗ್ಗೆ ಒಂದು ಮಾತು ಆಡಿದರೆ ನನಗೇ ಆಡಿದ ಹಾಗೆ ಚುರ್ ಅನ್ನುತ್ತೆ.

ನನ್ನ ತಮ್ಮ ನಮ್ಮನೆಗೆ ಬಂದಿದ್ದ. ಅವನು ಈ ಕಾರಿನ ಸ್ಟೇರಿಂಗ್ ಹಿಡಿದು ಎರಡು ವರ್ಷವಾಗಿತ್ತು. ಹತ್ತು ನಿಮಿಷ ಓಡಿಸಿದ. ಒಂದು ಹಂಪ್ ಹತ್ತಿಸಿ ಇಳಿಸಿದ. ಆಮೇಲೆ ಪಕ್ಕಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದ.

"ಅಣ್ಣಾ, ಇದು ಕಾರೋ ತೊಟ್ಟಿಲೋ?"

"ಹಳೇ ಗಾಡಿ ಕಣೋ, ಸ್ವಲ್ಪ ಮೆತ್ತಗಿರುತ್ತೆ" ಅಂದೆ. ಅವನು ನಗಲಿಲ್ಲ. "ಬ್ರೇಕ್ ಹಾಕಿದ್ರೆ ಮೂತಿ ನೆಲಕ್ಕೆ ತಾಗೋ ಹಾಗೆ ಬಗ್ಗುತ್ತೆ. ನಿಂಗೆ ಗೊತ್ತಾಗಲ್ವಾ?" ಅಂತ ಕೇಳಿದ.

ನಿಜ ಹೇಳಬೇಕಂದ್ರೆ ಗೊತ್ತಾಗುತ್ತಿರಲಿಲ್ಲ. ಅವತ್ತು ವಾಪಸ್ ನಾನೇ ಓಡಿಸಿಕೊಂಡು ಬಂದೆ. ಈ ಸಲ ಕಾರನ್ನು ಬಿಟ್ಟು ನನ್ನನ್ನೇ ಗಮನಿಸಿಕೊಂಡೆ. ಹಂಪ್ ಇನ್ನೂ ದೂರ ಇರುವಾಗಲೇ ಕಾಲು ಬ್ರೇಕಿನ ಮೇಲೆ ಹೋಗುತ್ತಿತ್ತು. ಎಡ ತಿರುವು ಬಂದರೆ ಬಲ ಮಂಡಿಯನ್ನು ಬಾಗಿಲಿಗೆ ಒತ್ತಿ ಹಿಡಿಯುತ್ತಿದ್ದೆ. ಗುಂಡಿ ಕಂಡರೆ ಚಕ್ರ ಅದಕ್ಕೆ ಇಳಿಯುವ ಮೊದಲೇ ಹಲ್ಲು ಕಚ್ಚುತ್ತಿದ್ದೆ. ನೀರಿನ ಬಾಟಲಿಯನ್ನು ಅದರ ಜಾಗದಲ್ಲಿ ಇಡುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಅಲ್ಲಿಟ್ಟರೆ ಉರುಳುತ್ತೆ ಅಂತ ಎರಡು ಸೀಟಿನ ಮಧ್ಯೆ ಸಿಕ್ಕಿಸುತ್ತಿದ್ದೆ. ಇದನ್ನೆಲ್ಲ ನಾನು ಯಾವತ್ತೂ ಕೂತು ಯೋಚನೆ ಮಾಡಿ ಶುರು ಮಾಡಿದ್ದಲ್ಲ. ಶಾಕ್ ಅಬ್ಸಾರ್ಬರ್ ಮಾಡಬೇಕಾದ ಕೆಲಸವನ್ನು ದಿನಕ್ಕೆ ಇಷ್ಟಿಷ್ಟೇ ನನ್ನ ಮೈ ವಹಿಸಿಕೊಂಡಿತ್ತು. ಅದಕ್ಕೆ ನಾನು ಇಟ್ಟುಕೊಂಡಿದ್ದ ಹೆಸರು ಅನುಭವ!

ಮಾರನೇ ದಿನ ಬೆಳಿಗ್ಗೆ ಇಬ್ಬರೂ ಕಾರಿನ ಸುತ್ತ ಕೂತೆವು. ಎಲ್ಲರೂ ಮಾಡುವ ಹಾಗೆ ಬಾನೆಟ್ಟಿನ ಮೂಲೆ ಒತ್ತಿ ಬಿಟ್ಟೆ. ಎರಡು ಸಲ ಕುಣಿದು ನಿಂತಿತು. ಈ ಪರೀಕ್ಷೆಯನ್ನು ಅಷ್ಟಾಗಿ ನಂಬಬೇಡಿ. ಪೂರ್ತಿ ಸತ್ತ ಶಾಕ್ ಅಬ್ಸಾರ್ಬರ್ ಮಾತ್ರ ಇದರಲ್ಲಿ ಸಿಕ್ಕಿಬೀಳುತ್ತೆ. ಅರ್ಧ ಸತ್ತದ್ದು ಸಲೀಸಾಗಿ ಪಾಸಾಗುತ್ತೆ. ಅದಕ್ಕಿಂತ ಟೈರು ಹೆಚ್ಚು ನಿಜ ಹೇಳುತ್ತೆ. ಅಂಗೈಯನ್ನು ಟೈರಿನ ಮೇಲೆ ಸುತ್ತಲೂ ಆಡಿಸಿದೆ. ಏರು, ತಗ್ಗು, ಏರು, ತಗ್ಗು. ಕಣ್ಣಿಗೆ ಸರಿಯಾಗಿ ಕಾಣದ ಅಲೆಗಳು ಕೈಗೆ ಸಿಕ್ಕವು. ಟೈರು ಒಂದೇ ಸಮ ನೆಲಕ್ಕೆ ಅಂಟಿಕೊಂಡಿರದೆ ಕುಪ್ಪಳಿಸಿಕೊಂಡು ಹೋದರೆ ಹೀಗೆ ಅಲ್ಲಲ್ಲಿ ಸವೆಯುತ್ತೆ.

ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಎಡಗಡೆ ಸ್ಟ್ರಟ್ಟಿನ (ಶಾಕ್ ಅಬ್ಸಾರ್ಬರೂ ಸ್ಪ್ರಿಂಗೂ ಸೇರಿದ ಕಂಬ) ಮೈ ಅರ್ಧಕ್ಕಿಂತ ಕೆಳಗೆ ಕಪ್ಪಗೆ ಒದ್ದೆಯಾಗಿತ್ತು. ಮೇಲ್ಭಾಗದಲ್ಲಿ ತೆಳುವಾಗಿ ಎಣ್ಣೆ ಪಸೆ ಕಂಡರೆ ಗಾಬರಿ ಬೇಡ. ಅದು ಸೀಲಿನಿಂದ ಬರುವ ಮಾಮೂಲಿ ಪಸೆ. ಇಲ್ಲಿ ಎಣ್ಣೆ ಇಳಿದು, ಅದರ ಮೇಲೆ ಧೂಳು ಕೂತು, ಅಂಟು ಅಂಟು ಕೆಸರಾಗಿತ್ತು.

ಇನ್ನೊಂದು ವಿಷಯ ತಮ್ಮನೇ ಹಿಡಿದ. "ಎಡಗಡೆ ಸ್ವಲ್ಪ ಕೂತಿದೆ ಅಲ್ವಾ?" ಟೈರಲ್ಲಿ ಗಾಳಿ ಕಡಿಮೆ ಇರಬಹುದು ಅಂದೆ. ಅವನು ಟೇಪ್ ತಂದು ಚಕ್ರದ ನಡುವಿನಿಂದ ಅದರ ಮೇಲಿನ ಫೆಂಡರ್ ತಗಡಿನ ಅಂಚಿನವರೆಗೆ ಅಳೆದ. ಅಲ್ಲಿಂದ ಅಳೆದರೆ ಗಾಳಿಯ ಲೆಕ್ಕ ಬರುವುದೇ ಇಲ್ಲ. ಬಲಗಡೆ 37.5 ಸೆಂ.ಮೀ., ಎಡಗಡೆ 35.5. ನೆಲ ಓರೆ ಇರಬೇಕು ಅಂತ ನಾನು ಕಾರನ್ನು ಉಲ್ಟಾ ತಿರುಗಿಸಿ ನಿಲ್ಲಿಸಿದೆ. ಮತ್ತೆ ಅಳೆದರೆ ಅದೇ 2 ಸೆಂ.ಮೀ. ವ್ಯತ್ಯಾಸ. ವಾದ ಮುಗಿಯಿತು.

ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕೆಲಸ ಮಾಡುತ್ತವೆ ಅಂತ ನಾನೂ ಬಹಳ ವರ್ಷ ಅಂದುಕೊಂಡಿದ್ದೆ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಗುಂಡಿಯ ಏಟು ತಿನ್ನುವುದೂ ಅದೇ. ಆದರೆ ತಿಂದದ್ದನ್ನು ಅದು ಇಟ್ಟುಕೊಳ್ಳುವುದಿಲ್ಲ, ಪೂರ್ತಿ ವಾಪಸ್ ಕೊಡುತ್ತೆ. ಸ್ಪ್ರಿಂಗ್ ಒಂದೇ ಇದ್ದಿದ್ದರೆ ಒಂದು ಗುಂಡಿ ಇಳಿದ ಕಾರು ಮುಂದಿನ ಗುಂಡಿ ಬರುವವರೆಗೂ ತೂಗುತ್ತಲೇ ಇರುತ್ತಿತ್ತು. ಆ ತೂಗಾಟವನ್ನು ಕೊಲ್ಲುವುದು ಶಾಕ್ ಅಬ್ಸಾರ್ಬರ್. ಅದರೊಳಗೆ ಒಂದು ಪಿಸ್ಟನ್, ಎಣ್ಣೆ, ಸಣ್ಣ ಸಣ್ಣ ತೂತುಗಳ ವಾಲ್ವ್ ಇರುತ್ತವೆ. ಪಿಸ್ಟನ್ ಆಡಬೇಕಾದರೆ ಎಣ್ಣೆ ಆ ತೂತುಗಳಲ್ಲಿ ನುಸುಳಬೇಕು. ನುಸುಳುವಾಗ ಎಣ್ಣೆ ಬಿಸಿಯಾಗುತ್ತೆ, ಕುಣಿತದ ಶಕ್ತಿಯೆಲ್ಲ ಆ ಬಿಸಿಯಾಗಿ ಗಾಳಿಗೆ ಹೋಗುತ್ತೆ. ಕೆಟ್ಟ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ ಬಂದು ಸ್ಟ್ರಟ್ ಮುಟ್ಟಿದರೆ ಬೆಚ್ಚಗಿರುತ್ತೆ. ಎಣ್ಣೆ ಸೋರಿತು ಅಥವಾ ವಾಲ್ವ್ ಸವೆಯಿತು ಅಂದರೆ ಬಿಸಿಯಾಗಬೇಕಾದ ಶಕ್ತಿ ಟೈರಿಗೆ ವಾಪಸ್ ಹೋಗುತ್ತೆ. ಟೈರು ಕುಪ್ಪಳಿಸುತ್ತೆ. ಗಾಳಿಯಲ್ಲಿರುವ ಟೈರಿಗೆ ಬ್ರೇಕ್ ಹಾಕಿ ಏನು ಉಪಯೋಗ? ಇದು ಆರಾಮಕ್ಕೆ ಇರುವ ಸಾಮಾನು ಅಂತ ನಾನು ಇಷ್ಟು ವರ್ಷ ಮುಂದೂಡಿಕೊಂಡು ಬಂದಿದ್ದೆ. ಅದು ಬ್ರೇಕಿನ ಅರ್ಧ ಅಂತ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ.

ಸ್ಪ್ರಿಂಗಿನ ನಿಯಮ ಹೇಳಿದ ರಾಬರ್ಟ್ ಹುಕ್‌ನ ಕಥೆ ನನಗೆ ಇಷ್ಟ. 1676ರಲ್ಲಿ ಅವನು ತನ್ನ ಕಂಡುಹಿಡಿತವನ್ನು ಅಚ್ಚು ಹಾಕಿಸಿದ. ಆದರೆ ಲ್ಯಾಟಿನ್ ವಾಕ್ಯದ ಅಕ್ಷರಗಳನ್ನೆಲ್ಲ ಬಿಡಿಸಿ, ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿಟ್ಟಿದ್ದ. ಬೇರೆಯವರು ಕದಿಯಬಾರದು, ಮೊದಲು ಹೇಳಿದ್ದು ನಾನೇ ಅಂತಲೂ ಇರಬೇಕು! ಎರಡು ವರ್ಷ ಬಿಟ್ಟು 1678ರಲ್ಲಿ ಒಗಟು ಬಿಡಿಸಿದ: ಎಷ್ಟು ಎಳೆದರೆ ಅಷ್ಟು ಬಲ. ಈ ಸಾಲು ಮುಂದೆ ನನ್ನನ್ನು ಸರಿಯಾಗಿ ಹೆದರಿಸಿತು. ಅಲ್ಲಿಗೆ ಬರುತ್ತೇನೆ.

ಸ್ಟ್ರಟ್ ಅಂದರೆ ಶಾಕ್ ಅಬ್ಸಾರ್ಬರಿನ ಹೊರಗೆ ಸ್ಪ್ರಿಂಗ್ ತೊಡಿಸಿ, ಎರಡನ್ನೂ ಸೇರಿಸಿ ಚಕ್ರದ ಕಂಬ ಮಾಡಿದ್ದು. ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿ ಒಂದು ಸಣ್ಣ ಕಾರಿಗಾಗಿ ಇದರ ಮೇಲೆ ಕೆಲಸ ಮಾಡುತ್ತಿದ್ದ. ಕಂಪನಿ ಆ ಕಾರನ್ನೇ ಕೈಬಿಟ್ಟಿತು. ಅವನು ಫೋರ್ಡ್ ಸೇರಿದ. 1950ರಲ್ಲಿ ಜನರ ಮುಂದೆ ಬಂದ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಕಾರಿನ ಮುಂದಿನ ಚಕ್ರಗಳಿಗೆ ಇದೇ ಸ್ಟ್ರಟ್. ಇವತ್ತು ಸಣ್ಣ ಕಾರುಗಳ ಬಾನೆಟ್ ಎತ್ತಿದರೆ ಎರಡೂ ಮೂಲೆಯಲ್ಲಿ ಕಾಣುವ ದುಂಡನೆಯ ಗೋಪುರಗಳು ಅದರ ತಲೆಗಳು. ಜಾಗ ಕಡಿಮೆ ಸಾಕು, ಬಿಡಿಭಾಗವೂ ಕಡಿಮೆ. ಆದರೆ ಒಂದೇ ಕಂಬ ಭಾರ ಹೊರಬೇಕು, ಕುಣಿತ ತಡೆಯಬೇಕು, ಸ್ಟೇರಿಂಗ್ ತಿರುಗಿಸಿದಾಗ ಚಕ್ರದ ಜೊತೆ ತಾನೂ ತಿರುಗಬೇಕು. ಮನೆಯಲ್ಲಿ ಎಲ್ಲ ಕೆಲಸ ಒಬ್ಬರ ತಲೆಗೇ ಕಟ್ಟಿದ ಹಾಗೆ.

ಸ್ಟ್ರಟ್ ಬದಲಾಯಿಸುವ ಕೆಲಸ ನಾವೇ ಮಾಡೋಣ ಅಂತ ತೀರ್ಮಾನವಾಯಿತು. ಹಿಂದಿನ ರಾತ್ರಿ ಎಲ್ಲ ಬೋಲ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದೆವು. ಬೆಳಿಗ್ಗೆ ಎದ್ದು ಇನ್ನೊಂದು ಸಲ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಜಾಕಿಯಲ್ಲಿ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಬರೀ ಜಾಕಿ ನಂಬಿ ಕಾರಿನ ಕೆಳಗೆ ಕೈ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ.

ಸ್ಟ್ರಟ್ಟಿನ ಕೆಳತುದಿಯನ್ನು ಚಕ್ರದ ನಕಲ್‌ಗೆ, ಅಂದರೆ ಚಕ್ರ ಕೂರುವ ಕಬ್ಬಿಣದ ತುಂಡಿಗೆ, ಹಿಡಿದಿರುವುದು ಎರಡು ದಪ್ಪ ಬೋಲ್ಟು. ಬಿಚ್ಚುವ ಮೊದಲು ಅವು ಇದ್ದ ಜಾಗಕ್ಕೆ ಬಿಳಿ ಪೇಂಟಿನಲ್ಲಿ ಗೆರೆ ಎಳೆದೆ. ಅಲ್ಲಿ ಕೂದಲೆಳೆ ಆಚೀಚೆ ಆದರೂ ಚಕ್ರದ ಓರೆ ಬದಲಾಗುತ್ತೆ. ಮೊದಲನೇ ಬೋಲ್ಟು ಕಿರ್ರ್ ಅಂತ ಬಂತು. ಎರಡನೆಯದು ಬರಲಿಲ್ಲ. ಪಾನಾಕ್ಕೆ ಉದ್ದದ ಪೈಪ್ ಸಿಕ್ಕಿಸಿ ಇಬ್ಬರೂ ನೇತಾಡಿದ ಮೇಲೆ ಟಪ್ ಅಂತ ಒಂದು ಸದ್ದು. ಬೋಲ್ಟೇ ಮುರಿಯಿತು ಅಂದುಕೊಂಡೆ. ಇಲ್ಲ, ಬಿಟ್ಟುಕೊಟ್ಟಿತ್ತು.

ಇಲ್ಲಿ ಒಂದು ಎಡವಟ್ಟು ಮಾಡಿದೆ. ಬ್ರೇಕ್ ಎಣ್ಣೆಯ ಹೋಸ್ ಪೈಪಿನ ಕ್ಲಿಪ್ ನೆನಪಿಟ್ಟು ಬಿಚ್ಚಿದ್ದೆ, ಅದರ ಪಕ್ಕದಲ್ಲೇ ಇದ್ದ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ವೈರಿನ ಕ್ಲಿಪ್ ಮರೆತಿದ್ದೆ. ನಕಲ್ ಹೊರಗೆ ವಾಲಿತು, ವೈರು ತಂತಿ ಬಿಗಿದ ಹಾಗೆ ನಿಂತಿತು. "ಅಣ್ಣಾ, ಹಿಡ್ಕೋ!" ಅಂತ ತಮ್ಮ ಕೂಗಿದ. ಹಿಡಿದುಕೊಂಡೆ. ಆಮೇಲೆ ನಕಲ್ಲನ್ನು ಕಬ್ಬಿಣದ ತಂತಿಯಲ್ಲಿ ಮೇಲಕ್ಕೆ ಕಟ್ಟಿದೆವು. ಅದನ್ನು ಮೊದಲೇ ಕಟ್ಟಬೇಕಿತ್ತು. ಇಲ್ಲದಿದ್ದರೆ ಅಷ್ಟೂ ಭಾರ ಬ್ರೇಕಿನ ಹೋಸ್ ಮೇಲೆ ಬೀಳುತ್ತೆ, ಇಂಜಿನ್ನಿನಿಂದ ಚಕ್ರಕ್ಕೆ ಬರುವ ಆಕ್ಸಲ್ಲಿನ ಕೀಲೂ ಜಗ್ಗುತ್ತೆ.

ಮೇಲೆ ಗೋಪುರದಲ್ಲಿ ಮೂರು ಸಣ್ಣ ನಟ್ಟು, ನಡುವೆ ಒಂದು ದೊಡ್ಡದು. ಬಿಚ್ಚಬೇಕಾದ್ದು ಆ ಮೂರು ಮಾತ್ರ. ನಡುವಿನದನ್ನು ಮುಟ್ಟಲೇಬಾರದು. ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿರುವುದು ಅದೊಂದೇ ನಟ್ಟು. ತಮ್ಮ ಕೆಳಗಿನಿಂದ ಸ್ಟ್ರಟ್ ಹಿಡಿದ, ನಾನು ಮೇಲಿನಿಂದ ಕೊನೆಯ ನಟ್ಟು ತೆಗೆದೆ. ನಾನು ಅಂದುಕೊಂಡಿದ್ದಕ್ಕಿಂತ ಭಾರ ಇತ್ತು.

ನೆಲದ ಮೇಲೆ ಮಲಗಿಸಿದಾಗ ಏನೋ ಟಿಣ್ ಅಂತ ಅಲುಗಾಡಿತು. ಸ್ಪ್ರಿಂಗ್ ಕೂರುವ ಕೆಳಗಿನ ತಟ್ಟೆಯಲ್ಲಿ ಒಣಗಿದ ಮಣ್ಣು ತುಂಬಿತ್ತು. ಸ್ಕ್ರೂಡ್ರೈವರಿನಿಂದ ಕೆದಕಿದೆ. ಮಣ್ಣಿನ ಜೊತೆ ಒಂದು ಕಬ್ಬಿಣದ ಕೊಂಡಿ ಹೊರಬಂತು. ಅದು ಸ್ಪ್ರಿಂಗಿನ ಕೊನೆಯ ಅರ್ಧ ಸುತ್ತು.

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ತುಂಡನ್ನು ಬಟ್ಟೆಯಲ್ಲಿ ಒರೆಸಿ ಮುರಿದ ಮುಖವನ್ನು ಬಿಸಿಲಿಗೆ ಹಿಡಿದೆ. ಅದರಲ್ಲಿ ಎರಡು ಬಣ್ಣ ಇತ್ತು. ಒಂದು ಅಂಚಿನಲ್ಲಿ ಉಗುರಿನಷ್ಟು ಜಾಗ ಕಪ್ಪು ಕಂದು. ಉಳಿದದ್ದು ಬೂದು ಬಣ್ಣ, ಕಾಳು ಕಾಳಾಗಿ, ಅದರ ಮೇಲೆ ಈಗಷ್ಟೇ ಹತ್ತುತ್ತಿರುವ ಕಿತ್ತಳೆ ತುಕ್ಕು. ಆ ಕಪ್ಪು ಜಾಗ ಹಳೇ ಬಿರುಕು. ತಟ್ಟೆಯಲ್ಲಿ ಕೂತ ಕಲ್ಲು ಮಣ್ಣು ಸ್ಪ್ರಿಂಗಿನ ಬಣ್ಣವನ್ನು ಉಜ್ಜಿ ಕಿತ್ತಿರುತ್ತೆ. ಅಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತೆ. ತುಕ್ಕು ತೋಡಿದ ಸಣ್ಣ ಕುಳಿಯಿಂದ ಬಿರುಕು ಶುರುವಾಗಿ, ಒಂದೊಂದು ಗುಂಡಿಗೂ ಒಂದಿಷ್ಟು ಒಳಗೆ ಹೋಗುತ್ತೆ. ಉಳಿದ ಲೋಹಕ್ಕೆ ಒಂದು ದಿನ ತಡೆಯಲಾಗದೆ ಒಮ್ಮೆಗೇ ತುಂಡಾಗುತ್ತೆ. ಎಷ್ಟು ತಿಂಗಳು ನಾನು ಅದರ ಮೇಲೆ ಕೂತು ಓಡಾಡಿದ್ದೆನೋ. ತುಂಡಾದ ತುದಿ ಹೊರಕ್ಕೆ ಜಾರಿದರೆ ಟೈರಿಗೇ ಚುಚ್ಚುತ್ತೆ. ತಟ್ಟೆಯಿಂದ ಟೈರಿಗೆ ಮೂರು ಬೆರಳಿನಷ್ಟೂ ಅಂತರ ಇರಲಿಲ್ಲ.

ಮುಂದಿನದು ಸ್ಪ್ರಿಂಗ್ ಅದುಮುವ ಕೆಲಸ. ಎರಡು ಉದ್ದ ಸ್ಕ್ರೂ, ಅವುಗಳ ತುದಿಗೆ ಕೊಕ್ಕೆ. ಸ್ಪ್ರಿಂಗಿನ ಎದುರು ಬದುರು ಬದಿಗೆ ಹಾಕಿ ಇದನ್ನು ನಾಲ್ಕು ಸುತ್ತು, ಅದನ್ನು ನಾಲ್ಕು ಸುತ್ತು ಬಿಗಿಯುತ್ತಾ ಹೋಗಬೇಕು. ಸ್ಪ್ರಿಂಗ್ ತಟ್ಟೆಯಲ್ಲಿ ಸಡಿಲವಾದ ಮೇಲೆ ನಡುವಿನ ನಟ್ಟು ತೆಗೆಯಬಹುದು. ಕೇಳೋಕೆ ಸುಲಭ.

ಹಿಂದಿನ ರಾತ್ರಿ ನಾನು ಹುಕ್‌ನ ಲೆಕ್ಕ ಹಾಕಿದ್ದೆ. ಒಂದು ಮಿ.ಮೀ. ಅದುಮಲು ಎರಡೂವರೆ ಕಿಲೋ ಬೇಕು ಅಂತ ಇಟ್ಟುಕೊಳ್ಳಿ. 15 ಸೆಂ.ಮೀ. ಅದುಮಿದರೆ 375 ಕಿಲೋ. ಒಳಗೆ ಕೂತ ಶಕ್ತಿ 28 ಕಿಲೋ ಕಲ್ಲನ್ನು ಒಂದು ಮೀಟರ್ ಎತ್ತಿದಷ್ಟು. ಆ ಕಲ್ಲು ಮೇಲಿಂದ ಬಿದ್ದರೆ ಕೆಳಗೆ ಮಾತ್ರ ಬೀಳುತ್ತೆ. ಸ್ಪ್ರಿಂಗ್ ಯಾವ ಕಡೆ ಹಾರುತ್ತೆ ಅಂತ ಹೇಳೋಕಾಗಲ್ಲ.

ತುದಿ ಮುರಿದ ಸ್ಪ್ರಿಂಗ್ ನೆಟ್ಟಗೆ ಕೂರುವುದಿಲ್ಲ. ಬಿಗಿದಂತೆ ಒಂದು ಕಡೆಗೆ ವಾಲತೊಡಗಿತು. ನಾನು ಗಮನಿಸಿದೆ, ಗಮನಿಸಿಯೂ ಇನ್ನೆರಡು ಸುತ್ತು ಬಿಗಿದೆ. ಟಣ್! ಕೊಕ್ಕೆಯೊಂದು ಸ್ಪ್ರಿಂಗಿನ ಮೇಲೆ ಒಂದು ಅಂಗುಲ ಜಾರಿ ನಿಂತಿತು. ಏನೂ ಆಗಲಿಲ್ಲ. ಯಾರಿಗೂ ತಾಗಲಿಲ್ಲ. ಆದರೆ ಪಾನಾ ಹಿಡಿದಿದ್ದ ಕೈ ನನ್ನ ಮಾತು ಕೇಳುವುದನ್ನು ನಿಲ್ಲಿಸಿತು. ಇಬ್ಬರೂ ದೂರ ಹೋಗಿ ಕೂತೆವು. ಹತ್ತು ನಿಮಿಷ ಬಿಟ್ಟು, ಸ್ಪ್ರಿಂಗಿನ ನೇರಕ್ಕೆ ಮುಖ ಬಾರದ ಹಾಗೆ ಪಕ್ಕದಲ್ಲಿ ನಿಂತು, ಅರ್ಧರ್ಧ ಸುತ್ತು ಸಡಿಲಿಸಿ ಕೊಕ್ಕೆಗಳನ್ನು ಬಿಡಿಸಿದೆವು. ನಡುವಿನ ನಟ್ಟು ಬಿಗಿಯಾಗೇ ಇತ್ತು, ಸದ್ಯ. ಬಲಗಡೆಯದನ್ನೂ ಬಿಚ್ಚಿ, ಎರಡೂ ಸ್ಟ್ರಟ್ಟುಗಳನ್ನು ತಮ್ಮನ ಗಾಡಿಯಲ್ಲಿ ಹಾಕಿಕೊಂಡು ಗ್ಯಾರೇಜಿಗೆ ಹೊರಟೆವು.

ಅಲ್ಲಿ ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ದೊಡ್ಡ ಯಂತ್ರ ಇತ್ತು. ವಯಸ್ಸಾದ ಮೆಕ್ಯಾನಿಕ್ ಒಬ್ಬರು ಮೊದಲು ನನ್ನ ಕೊಕ್ಕೆಗಳನ್ನು ಕೈಗೆ ತಗೊಂಡು ತಿರುಗಿಸಿ ನೋಡಿದರು. ಸ್ಕ್ರೂಗೆ ಗ್ರೀಸ್ ಇಲ್ಲ, ಅದರ ಮರೆ (ಥ್ರೆಡ್) ಸವೆದಿದೆ. "ಇದನ್ನ ಮನೆಗೆ ತಗೊಂಡ್ ಹೋಗಿ ಸಾರ್. ಆದ್ರೆ ಇನ್ನು ಬಳಸ್ಬೇಡಿ" ಅಂದರು. ಒಂದೊಂದು ಸ್ಟ್ರಟ್ಟಿಗೆ ಅವರಿಗೆ ಹಿಡಿದದ್ದು ಕಾಲು ಗಂಟೆ.

ಬಿಚ್ಚಿದ ಸಾಮಾನುಗಳನ್ನೆಲ್ಲ ಅವರು ಬೆಂಚಿನ ಮೇಲೆ ಸಾಲಾಗಿ ಇಟ್ಟರು. ಹಳೇ ಶಾಕ್ ಅಬ್ಸಾರ್ಬರಿನ ಹೊಳೆಯುವ ದಂಡವನ್ನು ಒಂದೇ ಕೈಯಲ್ಲಿ ಒಳಗೆ ತಳ್ಳಿದೆ. ಬೆಣ್ಣೆಗೆ ಚಾಕು ಇಳಿದ ಹಾಗೆ ಇಳಿಯಿತು, ಇಳಿದಲ್ಲೇ ಕೂತಿತು. ಹೊಸದನ್ನು ತಳ್ಳಲು ಮೈಭಾರವನ್ನೇ ಹಾಕಬೇಕಾಯಿತು. ಕೈ ಬಿಟ್ಟ ಕೂಡಲೇ ಆ ದಂಡ ತಾನೇ ಒಂದೇ ಸಮನೆ, ಯಾವ ಅವಸರವೂ ಇಲ್ಲದೆ ಮೇಲಕ್ಕೆ ಎದ್ದು ಬಂತು. ಒಳಗೆ ಒತ್ತಿ ತುಂಬಿದ ನೈಟ್ರೋಜನ್ ಗ್ಯಾಸ್ ಇರುತ್ತೆ. ಎಣ್ಣೆ ನೊರೆಯಾಗದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ನಾನು ಸುಮ್ನೆ ಮೂರು ಸಲ ತಳ್ಳಿ ಬಿಟ್ಟು ನೋಡಿದೆ. ಮೆಕ್ಯಾನಿಕ್ ಏನೂ ಅನ್ನಲಿಲ್ಲ.

ಮುರಿಯದೆ ಇದ್ದ ಬಲಗಡೆ ಸ್ಪ್ರಿಂಗನ್ನೂ ಹೊಸದರ ಪಕ್ಕ ನಿಲ್ಲಿಸಿದರೆ ಹಳೆಯದು ಒಂದು ಸೆಂ.ಮೀ. ಗಿಡ್ಡ. 16 ವರ್ಷ ಭಾರ ಹೊತ್ತು ಕುಗ್ಗಿತ್ತು. ಒಂದು ಕಡೆ ಮಾತ್ರ ಹೊಸದು ಹಾಕಿದರೆ ಕಾರು ಓರೆ ನಿಲ್ಲುತ್ತೆ, ಬ್ರೇಕ್ ಹಾಕಿದಾಗ ಎರಡೂ ಬದಿ ಒಂದೇ ಥರ ನಡೆದುಕೊಳ್ಳಲ್ಲ. ಇವನ್ನು ಯಾವಾಗಲೂ ಜೋಡಿಯಲ್ಲೇ ಬದಲಾಯಿಸಬೇಕು. ಬಂಪ್ ಸ್ಟಾಪ್ ಅನ್ನುವ ರಬ್ಬರು ದಿಂಬು ಬೆರಳು ತಾಗಿಸಿದರೆ ಪುಡಿಪುಡಿ. ತಲೆಯ ಬೇರಿಂಗ್ ತಿರುಗಿಸಿದರೆ ಒಳಗೆ ಮರಳು ಹಾಕಿದ ಹಾಗೆ ಕರಕರ. ನಿಧಾನಕ್ಕೆ ತಿರುಗಿಸುವಾಗ ಸ್ಪ್ರಿಂಗ್ ಸುತ್ತಿಕೊಂಡು ಆಮೇಲೆ ಟೊಯ್ಂ ಅಂತ ಬಿಡಿಸಿಕೊಳ್ಳುತ್ತಿದ್ದದ್ದು ಇದಕ್ಕೇ. ಆ ಸದ್ದು ಸ್ಟೇರಿಂಗಿನದ್ದು ಅಂತ ನಾನು ಅಂದುಕೊಂಡಿದ್ದೆ. ಸ್ಟ್ರಟ್ ಬಿಚ್ಚುವುದೇ ಆದರೆ ಟಾಪ್ ಮೌಂಟ್ (ಸ್ಟ್ರಟ್ಟಿನ ತಲೆಯನ್ನು ಗೋಪುರಕ್ಕೆ ಹಿಡಿಯುವ ಭಾಗ), ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ಕವಚ ಎಲ್ಲವನ್ನೂ ಒಟ್ಟಿಗೆ ಹೊಸದು ಹಾಕಿ. ಅದರಲ್ಲಿ ಜಿಪುಣತನ ಮಾಡಿದರೆ ಇಷ್ಟೂ ಕೆಲಸ ಇನ್ನೊಂದು ಸಲ ಮಾಡಬೇಕಾಗುತ್ತೆ.

ಜೋಡಿಸುವಾಗ ಸ್ಪ್ರಿಂಗಿನ ತುದಿ ತಟ್ಟೆಯಲ್ಲಿರುವ ಮೆಟ್ಟಿಲಿಗೆ ಸರಿಯಾಗಿ ತಾಗಬೇಕು. ನಡುವಿನ ನಟ್ಟು ಬಿಗಿಯುವಾಗ ದಂಡ ತಿರುಗದ ಹಾಗೆ ಅಲೆನ್ ಕೀ ಹಾಕಿ ಹಿಡಿಯುತ್ತಾರೆ. ದಂಡದ ನುಣುಪು ಮೈಯನ್ನು ಪಕ್ಕಡ್‌ನಲ್ಲಿ ಹಿಡಿದರೆ ಗೀರು ಬೀಳುತ್ತೆ, ಆ ಗೀರು ಸೀಲನ್ನು ಕೊಯ್ಯುತ್ತೆ, ಹೊಸದೂ ಸೋರತೊಡಗುತ್ತೆ.

ವಾಪಸ್ ಹಾಕುವುದು ಬೇಗ ಆಯಿತು. ಹೊಸ ನಟ್ಟು, ಹೊಸ ಬೋಲ್ಟು. ಪೇಂಟಿನ ಗೆರೆಗೆ ಕೂರಿಸಿ, ಕಂಪನಿ ಪುಸ್ತಕದಲ್ಲಿ ಹೇಳಿದಷ್ಟೇ ಟಾರ್ಕ್ ರೆಂಚಿನಲ್ಲಿ ಬಿಗಿದೆವು. ಎಬಿಎಸ್ ಕ್ಲಿಪ್ಪನ್ನು ತಮ್ಮ ಎರಡು ಸಲ ಮುಟ್ಟಿ ನೋಡಿದ. ಅವತ್ತು ಸಂಜೆ ನೇರ ಹೋಗುವಾಗ ಸ್ಟೇರಿಂಗ್ ಚಕ್ರ ಸ್ವಲ್ಪ ಬಲಕ್ಕೆ ವಾಲಿತ್ತು. ಗೆರೆ ಎಳೆದಿದ್ದರೂ ಅಷ್ಟೇ, ಸ್ಟ್ರಟ್ ಬದಲಾಯಿಸಿದ ಮೇಲೆ ಚಕ್ರಗಳ ಓರೆ ಸರಿಮಾಡುವ ಅಲೈನ್‌ಮೆಂಟ್ ಮಾಡಿಸದೆ ಬಿಡಬಾರದು. ಮಾರನೇ ದಿನ ಮಾಡಿಸಿದೆ. ಅಲೆ ಎದ್ದ ಟೈರುಗಳನ್ನು ಮಾತ್ರ ಯಾವ ಅಲೈನ್‌ಮೆಂಟೂ ಸರಿ ಮಾಡಲ್ಲ. ಅವು ಇನ್ನೂ ಗುಂಯ್ ಅನ್ನುತ್ತಿವೆ. ಅವನ್ನೂ ಬದಲಾಯಿಸಬೇಕು.

ಹೊಸ ಸ್ಟ್ರಟ್ ಅಂದರೆ ಕಾರು ಮೆತ್ತಗೆ ತೇಲಿಕೊಂಡು ಹೋಗುತ್ತೆ ಅಂತ ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಕಾರು ಮೊದಲಿಗಿಂತ ಗಟ್ಟಿ. ಸಣ್ಣ ಗುಂಡಿಗಳೂ ತಿಳಿಯುತ್ತವೆ, ಆದರೆ ತಿಳಿದು ಅಲ್ಲಿಗೇ ಮುಗಿಯುತ್ತವೆ. ಬ್ರೇಕ್ ಹಾಕಿದರೆ ಮೂತಿ ಬಗ್ಗುವುದಿಲ್ಲ. ತಮ್ಮ ಪಕ್ಕದಲ್ಲಿ ಕೂತಿದ್ದ. ಅವತ್ತಿನ ಅದೇ ಹಂಪ್ ಬಂತು. ಇನ್ನೂ ದೂರ ಇರುವಾಗಲೇ ನನ್ನ ಕಾಲು ಬ್ರೇಕಿನ ಮೇಲೆ ಹೋಗಿ ಕೂತಿತು. ಹಿಂದಿದ್ದವನು ಹಾರ್ನ್ ಹೊಡೆದ.

"ಇನ್ಯಾಕೆ ಹೆದರ್ತೀಯ?" ಅಂದ ತಮ್ಮ.

ಸ್ಪ್ರಿಂಗಿನ ಆ ತುಂಡು ಈಗಲೂ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದೆ. ತಿರುವಿನಲ್ಲಿ ಆ ಕಡೆ ಈ ಕಡೆ ಉರುಳುತ್ತೆ. ಬಾಟಲಿ ಮಾತ್ರ ಅದರ ಜಾಗಕ್ಕೆ ವಾಪಸ್ ಬಂದಿದೆ. 100 ಕಿ.ಮೀ. ಆದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿದೆ. ಎಲ್ಲ ಸರಿ ಇದ್ದವು. ಮುಂದಿನ ಗಲಾಟೆ ನಿಂತ ಮೇಲೆ ಈಗ ಹಿಂದಿನ ಎಡಗಡೆ ಚಕ್ರದಿಂದ ಒಂದು ಸಣ್ಣ ಟಕ್ ಟಕ್ ಕೇಳಿಸುತ್ತಿದೆ. ಮೊದಲಿನಿಂದಲೂ ಇತ್ತೋ ಏನೋ. ತಮ್ಮನಿಗೆ ಫೋನ್ ಮಾಡಿದೆ. ಭಾನುವಾರ ಬರ್ತೀನಿ, ಟೇಪ್ ತೆಗೆದಿಡು ಅಂದಿದ್ದಾನೆ.